ಬೋರ್ಡ್ ಇಲ್ಲದ ರಿಪೇರಿ: ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾ ಸರಿಪಡಿಸಿಕೊಳ್ಳುವ ಬಗೆ

ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಸೂಟ್‌ಕೇಸಿನ ತಳದಲ್ಲಿ ಅಜ್ಜನ ಯಾಶಿಕಾವೋ ಕಾಕಾನ ಪೆಂಟ್ಯಾಕ್ಸೋ ಸಿಕ್ಕಿತೆಂದು ಇಟ್ಟುಕೊಳ್ಳಿ. ಚರ್ಮದ ಕೇಸಿನ ಗುಂಡಿ ತುಕ್ಕು ಹಿಡಿದಿರುತ್ತದೆ, ರೀಲು ತಿರುಗಿಸುವ ಲೀವರ್ ಅರ್ಧಕ್ಕೆ ನಿಂತಿರುತ್ತದೆ, ಹಿಂಬಾಗಿಲು ತೆರೆದರೆ ಬೆರಳಿಗೆ ಡಾಂಬರಿನಂಥ ಕಪ್ಪು ಅಂಟು ಹತ್ತುತ್ತದೆ. ಇಂಥದ್ದೊಂದನ್ನು ಚೀಲದಲ್ಲಿ ಹಾಕಿಕೊಂಡು ನಾನು ಕೆಲವು ವರ್ಷಗಳ ಹಿಂದೆ ದುರ್ಗದ ಬೈಲಿನಿಂದ ಕೊಪ್ಪಿಕರ ರಸ್ತೆ, ಅಲ್ಲಿಂದ ಸ್ಟೇಷನ್ ರಸ್ತೆ ಎಂದು ಒಂದಿಡೀ ಶನಿವಾರ ಸುತ್ತಿದ್ದೆ. ‘ಕ್ಯಾಮೆರಾ ರಿಪೇರಿ’ ಎಂಬ ಬೋರ್ಡ್ ಎಲ್ಲಿಯೂ ಕಣ್ಣಿಗೆ ಬೀಳಲಿಲ್ಲ. ಕೇಳಿದಲ್ಲೆಲ್ಲ ಸಿಕ್ಕ ಉತ್ತರ ಒಂದೇ: “ಡಿಜಿಟಲ್ ಇದ್ರ ತರ್ರಿ ಸರ್, ಇದು ಈಗ ಯಾರೂ ಮಾಡಂಗಿಲ್ಲ.”

ಆದರೆ ಅದೇ ಕ್ಯಾಮೆರಾ ಮುಂದಿನ ಎರಡು ತಿಂಗಳಲ್ಲಿ, ಬಹುಪಾಲು ಇದೇ ಅವಳಿ ನಗರದೊಳಗೆ, ಸರಿಯಾಯಿತು. ಫಿಲ್ಮ್ ಕ್ಯಾಮೆರಾ ಎನ್ನುವುದು ಒಂದು ಗಡಿಯಾರ, ಒಂದು ಚಾಳೀಸು, ಬೆಳಕು ಹೊಗದ ಒಂದು ಪೆಟ್ಟಿಗೆ, ಹೆಚ್ಚೆಂದರೆ ಜೊತೆಗೊಂದು ಸಣ್ಣ ವಿದ್ಯುತ್ ಜಾಲ. ಈ ನಾಲ್ಕಕ್ಕೂ ಕೈ ಪಳಗಿದವರು ನಮ್ಮಲ್ಲಿ ಇದ್ದಾರೆ, ಅವರು ಒಂದೇ ಸೂರಿನಡಿ ಇಲ್ಲ ಅಷ್ಟೆ. ಹೀಗಾಗಿ ‘ಕ್ಯಾಮೆರಾ ಕೆಟ್ಟಿದೆ’ ಎಂದು ಹೇಳಿಕೊಂಡು ತಿರುಗುವುದನ್ನು ಬಿಟ್ಟು, ಕೆಟ್ಟಿರುವುದು ನಿಖರವಾಗಿ ಏನು ಎಂದು ಕಂಡುಕೊಂಡು, ಒಂದೊಂದು ದೋಷವನ್ನು ಅದಕ್ಕೆ ತಕ್ಕ ಕೈಗೆ ಒಪ್ಪಿಸುವುದು ನಾವು ಕಲಿಯಬೇಕಾದ ಕೆಲಸ. ಮುಂದಿನ ಹೆಜ್ಜೆಗಳು ಆ ಕ್ರಮದಲ್ಲಿವೆ.

ಮೊದಲು ಕ್ಯಾಮೆರಾದ ಜಾತಕ ಬರೆದುಕೊಳ್ಳಿ

ಒಂದು ನೋಟ್‌ಬುಕ್ಕಿನಲ್ಲಿ ಮಾಡೆಲ್ಲಿನ ಪೂರ್ಣ ಹೆಸರು, ಸೀರಿಯಲ್ ನಂಬರ್, ಲೆನ್ಸಿನ ಉಂಗುರದ ಮೇಲೆ ಕೆತ್ತಿರುವ ಅಕ್ಷರ-ಅಂಕಿಗಳೆಲ್ಲವನ್ನೂ ಇದ್ದದ್ದು ಇದ್ದಂತೆ ಬರೆದುಕೊಳ್ಳಬೇಕು. ಬರೀ ‘ಯಾಶಿಕಾ’ ಎಂದರೆ ರಿಪೇರಿ ಮಾಡುವವನಿಗೆ ಏನೂ ತಿಳಿಯುವುದಿಲ್ಲ. ಎರಡು ಕಣ್ಣಿನ ಯಾಶಿಕಾ ಮ್ಯಾಟ್-124ಜಿ, ಯಾಶಿಕಾ ಎಲೆಕ್ಟ್ರೊ 35, ಯಾಶಿಕಾ ಎಫ್‌ಎಕ್ಸ್-3 ಇವು ಮೂರೂ ಒಂದೇ ಹೆಸರು ಹೊತ್ತ ಮೂರು ಬೇರೆ ಬೇರೆ ಯಂತ್ರಗಳು. ಒಂದರ ಬಿಡಿಭಾಗ ಇನ್ನೊಂದಕ್ಕೆ ಬರುವುದಿಲ್ಲ, ಒಂದರ ಸೆಲ್ ಇನ್ನೊಂದಕ್ಕೆ ಹಿಡಿಸುವುದಿಲ್ಲ.

ಆಮೇಲೆ ತಿಳಿಯಬೇಕಾದದ್ದು ಕ್ಯಾಮೆರಾ ಸೆಲ್ ಇಲ್ಲದೆ ನಡೆಯುತ್ತದೆಯೋ ಇಲ್ಲವೋ ಎಂಬುದು. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ2, ಯಾಶಿಕಾ ಎಫ್‌ಎಕ್ಸ್-3, ರಷ್ಯಾದ ಜೆನಿಟ್ ಇವೆಲ್ಲ ಪೂರ್ತಿ ಯಾಂತ್ರಿಕ. ಸೆಲ್ ಏನಿದ್ದರೂ ಬೆಳಕು ಅಳೆಯುವ ಮೀಟರಿಗೆ ಮಾತ್ರ ಬೇಕು, ಜೆನಿಟ್-ಇ ಮಾದರಿಯ ಸೆಲೆನಿಯಂ ಮೀಟರಿಗಂತೂ ಅದೂ ಬೇಡ. 1976ರಲ್ಲಿ ಬಂದ ಕ್ಯಾನನ್ ಎಇ-1 ಮತ್ತು 1981ರ ಮಿನೋಲ್ಟಾ ಎಕ್ಸ್-700 ಹಾಗಲ್ಲ, ಸೆಲ್ ಸತ್ತರೆ ಷಟರ್ (ಫಿಲ್ಮಿಗೆ ಬೆಳಕು ಬಿಡುವ ಬಾಗಿಲು) ಅಲುಗಾಡುವುದೇ ಇಲ್ಲ. ಯಾಶಿಕಾ ಎಲೆಕ್ಟ್ರೊ 35 ಇವೆರಡರ ನಡುವಿನದು: ಸೆಲ್ ಇಲ್ಲದಿದ್ದರೂ ಷಟರ್ ಬೀಳುತ್ತದೆ, ಆದರೆ 1/500 ಸೆಕೆಂಡ್ ಎಂಬ ಒಂದೇ ವೇಗದಲ್ಲಿ. ಇಷ್ಟು ಗೊತ್ತಿಲ್ಲದೆ, ಬರೀ ಸೆಲ್ ಮುಗಿದ ಎಇ-1 ಅನ್ನು ಗುಜರಿಯವನಿಗೆ ತೂಗಿ ಕೊಟ್ಟವರನ್ನು ನಾನು ಬಲ್ಲೆ.

ಅಗ್ಫಾ ಕ್ಲಿಕ್-3 ಸಿಕ್ಕಿದ್ದರೆ ನಿಮ್ಮ ಕೆಲಸ ಬಹುಪಾಲು ಮುಗಿದಂತೆ. ಭಾರತದಲ್ಲೇ ತಯಾರಾಗುತ್ತಿದ್ದ, 120 ರೀಲಿನಲ್ಲಿ ಹನ್ನೆರಡು ಚೌಕ ಚಿತ್ರ ತೆಗೆಯುವ ಆ ಪೆಟ್ಟಿಗೆಯಲ್ಲಿ ಕೆಡುವಂಥದ್ದು ಏನೂ ಹೆಚ್ಚಿಲ್ಲ. ಲೆನ್ಸ್ ಒರೆಸಿ, ಷಟರಿನ ಸ್ಪ್ರಿಂಗ್ ನೋಡಿ, ರೀಲು ಹಾಕಿದರಾಯಿತು.

ರೀಲು ಹಾಕದೆ, ಮೇಜಿನ ಮೇಲೆ ಪರೀಕ್ಷೆ

ಒಂದು ಬಿಳಿಯ ಬಟ್ಟೆ ಹಾಸಿ, ಹಗಲು ಬೆಳಕಿನಲ್ಲಿ ಕುಳಿತುಕೊಳ್ಳಿ. ಯಾವ ಲೀವರ್ ಬಿಗಿಯಾಗಿದ್ದರೂ ಬಲ ಹಾಕಬೇಡಿ. ಹಳೆಯ ಕ್ಯಾಮೆರಾಗಳ ಸೆಲ್ಫ್-ಟೈಮರನ್ನು ಪರೀಕ್ಷೆಗೆಂದು ಸಹ ಮುಟ್ಟದಿರುವುದು ಒಳ್ಳೆಯದು, ಏಕೆಂದರೆ ಅದು ಅರ್ಧಕ್ಕೆ ಸಿಕ್ಕಿಕೊಂಡರೆ ಕೆಲವು ಮಾದರಿಗಳಲ್ಲಿ ಷಟರನ್ನೂ ತನ್ನ ಜೊತೆ ಕಟ್ಟಿಹಾಕುತ್ತದೆ. ಝೋರ್ಕಿ, ಫೆಡ್‌ನಂಥ ರಷ್ಯದ ಕ್ಯಾಮೆರಾಗಳಲ್ಲಿ ಮೊದಲು ಲೀವರ್ ತಿರುಗಿಸಿ ಷಟರ್ ಏರಿಸಿದ ನಂತರವೇ ವೇಗದ ಬಿರಡೆ ತಿರುಗಿಸಬೇಕು. ಏರಿಸುವ ಮುನ್ನ ತಿರುಗಿಸಿದರೆ ಒಳಗಿನ ಭಾಗಕ್ಕೆ ಪೆಟ್ಟಾಗಬಹುದು.

ಷಟರ್ ವೇಗ ಅಳೆಯಲು ಈಗ ವಿಶೇಷ ಯಂತ್ರ ಬೇಡ, ಕಿಸೆಯಲ್ಲಿರುವ ಮೊಬೈಲ್ ಸಾಕು. ಸೆಕೆಂಡಿಗೆ 240 ಚೌಕಟ್ಟುಗಳ ಸ್ಲೋ ಮೋಷನ್ ವಿಡಿಯೊ ತೆಗೆಯುವ ಮೊಬೈಲನ್ನು ತೆರೆದ ಹಿಂಬಾಗಿಲಿನ ಎದುರು ನಿಲ್ಲಿಸಿ, ಕ್ಯಾಮೆರಾದ ಮುಂದೆ ಒಂದು ದೀಪ ಇಟ್ಟು, ಒಂದೊಂದೇ ವೇಗದಲ್ಲಿ ಷಟರ್ ಒತ್ತಿ. ಆಮೇಲೆ ವಿಡಿಯೊವನ್ನು ಒಂದೊಂದು ಚೌಕಟ್ಟಾಗಿ ಸರಿಸುತ್ತ, ಬೆಳಕು ಕಾಣುವ ಚೌಕಟ್ಟುಗಳನ್ನು ಎಣಿಸಿ. 1 ಸೆಕೆಂಡಿಗೆ 240, 1/30ಕ್ಕೆ 8, 1/60ಕ್ಕೆ 4 ಬರಬೇಕು. 1 ಸೆಕೆಂಡಿನ ಜಾಗದಲ್ಲಿ 300 ಬಂದರೆ ಷಟರ್ ಕಾಲು ಪಾಲು ನಿಧಾನವಾಗಿದೆ ಎಂದರ್ಥ, ಫಿಲ್ಮು ಅಷ್ಟನ್ನು ಸಹಿಸಿಕೊಳ್ಳುತ್ತದೆ. 500 ಬಂದರೆ ಅಥವಾ ಷಟರ್ ನಡುವೆ ನಿಂತೇ ಹೋದರೆ, ನಿಧಾನ ವೇಗಗಳನ್ನು ನಿಯಂತ್ರಿಸುವ ಗಿಯರುಗಳ ಹಳೆಯ ಗ್ರೀಸು ಗಟ್ಟಿಯಾಗಿರುವ ಸಾಧ್ಯತೆಯೇ ಹೆಚ್ಚು. 1/125ಕ್ಕಿಂತ ಹೆಚ್ಚಿನ ವೇಗಗಳಿಗೆ ಈ ಎಣಿಕೆ ನಂಬಲರ್ಹವಲ್ಲ. ಅದಕ್ಕೆ ಕೊನೆಯಲ್ಲಿ ಹೇಳುವ ಪರೀಕ್ಷಾ ರೀಲೇ ಗತಿ.

ಬಟ್ಟೆಯ ಪರದೆಯ ಷಟರ್ ಇದ್ದರೆ ಕೋಣೆ ಕತ್ತಲೆ ಮಾಡಿ, ಲೆನ್ಸ್ ತೆಗೆದು, ಮುಂದಿನಿಂದ ಟಾರ್ಚ್ ಹಿಡಿದು ಹಿಂದಿನಿಂದ ನೋಡಿ. ಸೂಜಿಮೊನೆಯಷ್ಟು ತೂತು ಇದ್ದರೂ ಅದು ನಕ್ಷತ್ರದಂತೆ ಹೊಳೆಯುತ್ತದೆ. ಎಸ್‌ಎಲ್‌ಆರ್ (ಲೆನ್ಸಿನಿಂದ ಬಂದ ದೃಶ್ಯವನ್ನೇ ಒಳಗಿನ ಕನ್ನಡಿಯ ಮೂಲಕ ತೋರಿಸುವ ಕ್ಯಾಮೆರಾ) ಆದರೆ ಕನ್ನಡಿ ಅಡ್ಡ ಬರುತ್ತದೆ, ಬೆರಳಿನಿಂದ ಕನ್ನಡಿಯ ಅಂಚನ್ನು ಮೆಲ್ಲಗೆ ಎತ್ತಿ ಹಿಡಿಯಬೇಕು. ಲೆನ್ಸನ್ನೂ ಹೀಗೆಯೇ ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್, ಇಡೀ ಗಾಜು ಹಬೆ ಹಿಡಿದಂತಿದ್ದರೆ ಮಬ್ಬು, ಅಂಚಿನಿಂದ ಕಾಮನಬಿಲ್ಲಿನ ಬಣ್ಣದ ಕಲೆ ಒಳಗೆ ಹರಡಿದ್ದರೆ ಅಂಟಿಸಿದ ಎರಡು ಗಾಜುಗಳು ಬಿಟ್ಟುಕೊಂಡಿವೆ. ಮೊದಲೆರಡಕ್ಕೆ ಮದ್ದಿದೆ. ಮೂರನೆಯದಕ್ಕೆ ಹಣ ಸುರಿಯುವ ಬದಲು ಬೇರೆ ಲೆನ್ಸ್ ಹುಡುಕುವುದು ಲೇಸು.

ಫೋಕಸ್ ಪರೀಕ್ಷಿಸಲು ಬಟರ್ ಪೇಪರಿನ ಒಂದು ತುಂಡನ್ನು ಫಿಲ್ಮ್ ಕೂರುವ ಹಳಿಗಳ ಮೇಲೆ ಬಿಗಿಯಾಗಿ ಅಂಟಿಸಿ, ಷಟರನ್ನು ‘ಬಿ’ಗೆ (ಒತ್ತಿ ಹಿಡಿದಷ್ಟು ಹೊತ್ತು ತೆರೆದೇ ಇರುವ ಗುರುತು) ಇಟ್ಟು ಒತ್ತಿ ಹಿಡಿದು, ದೂರದ ಕಂಬವನ್ನೋ ಕಿಟಕಿಯ ಸರಳನ್ನೋ ನೋಡಿ. ಕಾಗದದ ಮೇಲೆ ತಲೆಕೆಳಗಾದ ಚಿತ್ರ ಮೂಡುತ್ತದೆ. ವ್ಯೂಫೈಂಡರಿನಲ್ಲಿ ಚೂಪಾಗಿ ಕಂಡದ್ದು ಕಾಗದದ ಮೇಲೂ ಚೂಪಾಗಿದ್ದರೆ ಚಿಂತೆಯಿಲ್ಲ.

ಮನೆಯಲ್ಲೇ ಆಗುವ ಎರಡು ಕೆಲಸ

ಒಂದು, ಸೆಲ್ಲಿನ ಗೂಡು. ಸೋರಿದ ಆಲ್ಕಲೈನ್ ಸೆಲ್ಲಿನ ಬಿಳಿ-ಹಸಿರು ಪುಡಿ ಅಲ್ಲಿ ಕಟ್ಟಿದ್ದರೆ, ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರಿನಲ್ಲೋ ಲಿಂಬೆರಸದಲ್ಲೋ ಅದ್ದಿ ಒರೆಸಿ, ನಂತರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು, ಪೆನ್ಸಿಲ್ ರಬ್ಬರಿನಿಂದ ಲೋಹ ಹೊಳೆಯುವ ತನಕ ಉಜ್ಜಿ. ಒಳಗೆ ಹೋಗುವ ತಂತಿ ಕಪ್ಪಾಗಿ ಪುಡಿಯಾಗಿದ್ದರೆ ಅದು ಮೊಬೈಲ್ ರಿಪೇರಿಯವರ ಬೆಸುಗೆಯ ಕೆಲಸ.

ಸೆಲ್ಲಿನ ವಿಷಯದಲ್ಲಿ ಒಂದು ತೊಡಕಿದೆ. 1960-70ರ ದಶಕದ ಅನೇಕ ಕ್ಯಾಮೆರಾಗಳು, ನಮ್ಮ ಮದುವೆ ಫೋಟೊಗ್ರಾಫರರ ಅಚ್ಚುಮೆಚ್ಚಿನ ಮ್ಯಾಟ್-124ಜಿ ಕೂಡ ಸೇರಿ, ಪಿಎಕ್ಸ್625 ಎಂಬ 1.35 ವೋಲ್ಟಿನ ಪಾದರಸದ ಸೆಲ್ ಬಳಸುತ್ತಿದ್ದವು. ಪಾದರಸದ ಕಾರಣಕ್ಕೆ ಅದು ಮಾರುಕಟ್ಟೆಯಿಂದ ಹೋಗಿದೆ. ಅದೇ ಗಾತ್ರದ ಆಲ್ಕಲೈನ್ ಸೆಲ್ 1.5 ವೋಲ್ಟ್ ಕೊಡುವುದರಿಂದ ಸಾಮಾನ್ಯವಾಗಿ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸಿ, ಚಿತ್ರ ಕಪ್ಪಾಗುತ್ತದೆ. ಇದಕ್ಕೆ ಪರಿಹಾರ ಕಿವಿಯಂತ್ರ ಮಾರುವ ಅಂಗಡಿಯಲ್ಲಿದೆ: 675 ನಂಬರಿನ ಜಿಂಕ್-ಏರ್ ಸೆಲ್ಲು 1.4 ವೋಲ್ಟಿನದು, ಪಾದರಸದ ಸೆಲ್ಲಿಗೆ ತೀರ ಹತ್ತಿರ. ಅದರ ಅಗಲ 11.6 ಮಿಲಿಮೀಟರ್ ಮಾತ್ರ ಇರುವುದರಿಂದ ಗೂಡಿನಲ್ಲಿ ಸಡಿಲಾಗುತ್ತದೆ. ನಳದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ರಬ್ಬರ್ ಉಂಗುರವನ್ನು ಸುತ್ತ ಹಾಕಿದರೆ ನಡುವೆ ಕೂರುತ್ತದೆ. ಮೇಲಿನ ಸ್ಟಿಕರ್ ಕಿತ್ತು ಗಾಳಿ ತಾಗಿದ ಮೇಲೆ ಈ ಸೆಲ್ಲಿನ ಆಯುಷ್ಯ ಕೆಲವೇ ವಾರಗಳಿಂದ ಒಂದೆರಡು ತಿಂಗಳು. ಮೀಟರ್ ಸತ್ತೇ ಹೋಗಿದ್ದರೂ ಎದೆಗುಂದಬೇಕಿಲ್ಲ: ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ 100 ಐಎಸ್‌ಒ ಫಿಲ್ಮಿಗೆ ಲೆನ್ಸಿನ ಕಿಂಡಿ ಎಫ್/16, ಷಟರ್ ವೇಗ 1/125 ಎಂಬ ಹಳೆಯ ಲೆಕ್ಕ ಇಂದಿಗೂ ಸುಳ್ಳಾಗುವುದಿಲ್ಲ.

ಎರಡನೆಯ ಕೆಲಸ ಆ ಡಾಂಬರಿನಂಥ ಅಂಟಿನದು. ಹಿಂಬಾಗಿಲಿನ ಅಂಚಿನಲ್ಲಿ ಬೆಳಕು ತಡೆಯಲೆಂದು ಹಾಕಿದ್ದ ಸ್ಪಂಜು ನಾಲ್ಕು ದಶಕಗಳಲ್ಲಿ ಕರಗಿ ಹಾಗಾಗಿರುತ್ತದೆ. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಕನ್ನಡಿ ಮೇಲೆದ್ದಾಗ ತಾಗುವ ಜಾಗದಲ್ಲೂ ಇಂಥದೇ ಪಟ್ಟಿಯಿದ್ದು, ಅದು ಕರಗಿದರೆ ಕನ್ನಡಿ ಅಂಟಿಕೊಂಡು ನಿಲ್ಲುತ್ತದೆ; ‘ಷಟರ್ ಜಾಮ್’ ಎಂದು ತಂದ ಎಷ್ಟೋ ಕ್ಯಾಮೆರಾಗಳ ರೋಗ ಇಷ್ಟೇ ಆಗಿರುವುದುಂಟು. ಆಲ್ಕೊಹಾಲಿನಲ್ಲಿ ಅದ್ದಿದ ಬಿದಿರು ಹಲ್ಲುಕಡ್ಡಿಯಿಂದ ಸ್ವಲ್ಪ ಸ್ವಲ್ಪವಾಗಿ ಹೆರೆಯಿರಿ. ಷಟರಿನ ಪರದೆಯ ಮೇಲೆ ಚೂರು ಬೀಳದಂತೆ ಕಾಗದ ಮುಚ್ಚಿರಿ. ಕನ್ನಡಿಯನ್ನು ಮಾತ್ರ ಒರೆಸಲು ಹೋಗಬೇಡಿ, ಅದರ ಹೊಳೆಯುವ ಲೇಪ ಮೇಲ್ಮೈಯಲ್ಲೇ ಇರುವುದರಿಂದ ಕೈಗೇ ಬರುತ್ತದೆ. ಹೊಸ ಪಟ್ಟಿಗೆ ಬೇಕಾದದ್ದು ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪದ ಕಪ್ಪು ಫೋಮ್ ಹಾಳೆ. ಅದು ಸಿಗದಿದ್ದರೆ, ಕಿರಿದಾದ ಸಂದುಗಳಿಗೆ ಕಪ್ಪು ಉಲ್ಲನ್ ದಾರವನ್ನೂ, ಬಾಗಿಲಿನ ತಿರುಗಣೆಯ ಬದಿಗೆ ಟೇಲರ್ ಸಾಮಾನಿನ ಅಂಗಡಿಯ ಕಪ್ಪು ವೆಲ್ವೆಟ್ಟನ್ನೂ ಅಂಟಿಸಬಹುದು. ನನ್ನ ಕ್ಯಾಮೆರಾದಲ್ಲಿ ಈಗಲೂ ಇರುವುದು ಧಾರವಾಡದ ಸುಭಾಸ ರಸ್ತೆಯಲ್ಲಿ ಕೊಂಡ ಕಾಲು ಮೀಟರ್ ವೆಲ್ವೆಟ್. ಉಳಿದದ್ದು ಮನೆಯಲ್ಲಿ ಗಣಪತಿಯ ಮಂಟಪಕ್ಕೆ ಹೋಯಿತು.

ಬಿಚ್ಚುವ ಮುನ್ನ

ಇದಕ್ಕಿಂತ ಮುಂದೆ ಹೋಗಿ ಮೇಲ್ತಟ್ಟೆ ಬಿಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ತಡೆಯಿರಿ. ಜಪಾನಿ ಕ್ಯಾಮೆರಾಗಳ ನಕ್ಷತ್ರ ಸ್ಕ್ರೂಗಳು ಜೆಐಎಸ್ ಎಂಬ ಅಳತೆಯವು. ನಮ್ಮ ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ಕೆಡಿಸುತ್ತದೆ. ಕೆಲವು ಮಾದರಿಗಳಲ್ಲಿ ಲೀವರಿನ ಮೇಲಿನ ಮುಚ್ಚಳ ಉಲ್ಟಾ ಥ್ರೆಡ್ಡಿನದಾಗಿರುತ್ತದೆ, ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿಮಾಡುತ್ತ ಹೋಗುತ್ತೀರಿ. ಇವೆಲ್ಲ ಹಣ ಹೋಗುವ ಮಾತು. ಜೀವಕ್ಕೆ ಸಂಬಂಧಿಸಿದ ಮಾತು ಬೇರೆ ಇದೆ: ಒಳಗೇ ಫ್ಲ್ಯಾಶ್ ಇರುವ ಸಣ್ಣ ಪ್ಲಾಸ್ಟಿಕ್ ಕ್ಯಾಮೆರಾಗಳನ್ನು ಎಂದಿಗೂ ಬಿಚ್ಚಬಾರದು. ಫ್ಲ್ಯಾಶಿನ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಳ್ಳುತ್ತದೆ, ಸೆಲ್ ತೆಗೆದ ಮೇಲೂ ಅದು ಉಳಿದಿರಬಹುದು.

ಯಾವ ಕೆಲಸಕ್ಕೆ ಯಾರ ಬಳಿ

ಲೀವರ್ ಸಿಕ್ಕಿಕೊಳ್ಳುವುದು, ನಿಧಾನ ವೇಗಗಳು ನಿಲ್ಲುವುದು, ಸ್ಪ್ರಿಂಗ್ ಜಾರುವುದು ಇವೆಲ್ಲ ಗಡಿಯಾರ ರಿಪೇರಿಯವರ ಕ್ಷೇತ್ರ. ಆದರೆ ಕೈಗಡಿಯಾರಕ್ಕೆ ಸೆಲ್ ಹಾಕುವ ಎಲ್ಲರೂ ಇದಕ್ಕೆ ಆಗುವುದಿಲ್ಲ. ಕೀಲಿ ಕೊಡುವ ಎಚ್‌ಎಂಟಿಯನ್ನು ಇನ್ನೂ ಬಿಚ್ಚಿ, ತೊಳೆದು, ಎಣ್ಣೆ ಹಾಕುವವರನ್ನು ಹುಡುಕಬೇಕು. ಹುಬ್ಬಳ್ಳಿಯ ಮಾರುಕಟ್ಟೆಯ ಓಣಿಗಳಲ್ಲಿ, ಗದಗ-ಬೆಟಗೇರಿಯಲ್ಲಿ, ಹಾವೇರಿಯ ಹಳೆಯ ಪೇಟೆಯಲ್ಲಿ ಅಂಥವರನ್ನು ಗುರುತಿಸುವುದು ಸುಲಭ: ಅವರ ಮೇಜಿನ ಮೇಲೆ ಗಾಜಿನ ಗಂಟೆಯಂಥ ಮುಚ್ಚಳಗಳ ಕೆಳಗೆ ಬಿಚ್ಚಿಟ್ಟ ಯಂತ್ರಗಳು ಇರುತ್ತವೆ.

ನಾನು ಹೋದ ಅಂಗಡಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಕಿರಿದಾಗಿತ್ತು. ಎಪ್ಪತ್ತು ದಾಟಿದ ಹಿರಿಯರು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕ್ಯಾಮೆರಾದ ತಳವನ್ನು ಒಮ್ಮೆ ನೋಡಿದವರೇ, “ಇದನ್ನ ಮೊದಲ ಯಾರ ಬಿಚ್ಚ್ಯಾರ್ರೀ? ಸ್ಕ್ರೂದ ತಲಿ ತಿಂದೇತಿ ನೋಡ್ರಿ” ಎಂದರು. ಬಿಚ್ಚಿದ್ದವನು ನಾನೇ. “ಗೊತ್ತಿಲ್ಲ ಕಾಕಾರ, ಹಳೀದು” ಎಂದೆ. ಅವರು ನಕ್ಕು, ತಟ್ಟೆ ತೆಗೆದು, ಪಿನ್ನಿನ ತುದಿಯಲ್ಲಿ ಹಿಡಿದ ಎಣ್ಣೆಯ ಒಂದು ಚುಕ್ಕೆಯನ್ನು ಗಿಯರಿನ ಅಚ್ಚಿಗೆ ಮುಟ್ಟಿಸಿದರು. ಅದಕ್ಕೂ ಮೊದಲು ಅದೇ ಜಾಗವನ್ನು ಲೈಟರ್ ಪೆಟ್ರೋಲಿನಿಂದ ಮೂರು ಸಲ ತೊಳೆದಿದ್ದರು. “ಎಣ್ಣಿ ಹೆಚ್ಚಾದ್ರ ಕಡಿಮಿ ಆಗಿದ್ದಕ್ಕಿಂತ ಕೆಟ್ಟರೀ” ಎಂದು ಅವರು ಹೇಳಿದ್ದು ಲೆನ್ಸಿನೊಳಗಿನ ಎಲೆ ಷಟರಿಗೆ ಇನ್ನಷ್ಟು ಸತ್ಯ: ಕೋಪಾಲ್, ಕಾಂಪುರ್ ಮಾದರಿಯ ಷಟರುಗಳ ತೆಳು ಎಲೆಗಳು ಒಣಗಿರಬೇಕು, ಎಣ್ಣೆಯ ಪಸೆ ತಾಗಿದರೆ ಒಂದಕ್ಕೊಂದು ಅಂಟುತ್ತವೆ.

ಗಡಿಯಾರದವರ ಬಳಿ ಹೋಗುವಾಗ ನಿಮ್ಮ ಮಾದರಿಯ ಸರ್ವೀಸ್ ಮ್ಯಾನ್ಯುಯಲ್ಲಿನ ಸಂಬಂಧಿಸಿದ ಪುಟಗಳನ್ನು ಪ್ರಿಂಟ್ ತೆಗೆಸಿ ಒಯ್ಯಿರಿ. ಜನಪ್ರಿಯ ಮಾದರಿಗಳಲ್ಲಿ ಅನೇಕವುಗಳ ಮ್ಯಾನ್ಯುಯಲ್ಲುಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅವರಿಗೆ ಇಂಗ್ಲಿಷ್ ಬರಲಿ ಬಿಡಲಿ, ಬಿಡಿಸಿಟ್ಟ ಚಿತ್ರವನ್ನು ಅವರು ನಮಗಿಂತ ಬೇಗ ಓದುತ್ತಾರೆ. ಬಿಚ್ಚುವ ಪ್ರತಿ ಹಂತದ ಫೋಟೊ ತೆಗೆಯಬಹುದೇ ಎಂದು ಮೊದಲೇ ಕೇಳಿಕೊಳ್ಳಿ, ಹೆಚ್ಚಿನವರು ಒಪ್ಪುತ್ತಾರೆ.

ಕಳೆದುಹೋದ ಸಣ್ಣ ಸ್ಕ್ರೂಗಳಿಗೆ ಚಾಳೀಸಿನ ಅಂಗಡಿ ನೋಡಬೇಕು. ಫ್ರೇಮಿಗೆ ಬಳಸುವ 1.4 ಮಿಲಿಮೀಟರಿನ ಸ್ಕ್ರೂ ಕೆಲವು ಕ್ಯಾಮೆರಾಗಳಿಗೂ ಹೊಂದುತ್ತದೆ. ಅವರಲ್ಲಿರುವ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಲೋಹದ ಉಂಗುರಗಳನ್ನು ತೊಳೆಸಬಹುದು, ಲೆನ್ಸನ್ನು ಮಾತ್ರ ಅದರಲ್ಲಿ ಮುಳುಗಿಸಲು ಬಿಡಬೇಡಿ. ಮುರಿದ ಲೀವರ್, ಸವೆದ ಉಂಗುರ, ಟ್ರೈಪಾಡ್ ಕೂರಿಸುವ ತೂತಿನ ಸತ್ತ ಥ್ರೆಡ್ಡು ಇವಕ್ಕೆ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಲೇಥ್ ಅಂಗಡಿಗಳಿವೆ. ದೊಡ್ಡ ಕೆಲಸದ ನಡುವೆ ಇಂಥ ಪುಟ್ಟ ಕೆಲಸ ಹಿಡಿಯಲು ಅವರಿಗೆ ಬೇಸರ. ಹಳೆಯ ತುಂಡನ್ನೂ ಅಳತೆ ಬರೆದ ಚೀಟಿಯನ್ನೂ ಕೊಟ್ಟು, “ಯಾವಾಗ ಬಿಡುವಾಗತೈತಿ ಆವಾಗ ಮಾಡ್ರಿ” ಎಂದು ಬಿಟ್ಟುಬರುವುದೇ ದಾರಿ. ಕಿತ್ತುಬಂದ ಲೆದರಿಗೆ (ಎಫ್‌ಎಕ್ಸ್-3ರ ಮೈಚರ್ಮ ಉದುರುವುದು ಹೆಸರುವಾಸಿ) ಬುಕ್ ಬೈಂಡಿಂಗ್ ಮಾಡುವವರ ಬಳಿ ಸಿಗುವ ತೆಳು ರೆಕ್ಸಿನ್ ಸಾಕು. ಮುದ್ರಣಕ್ಕೆ ಹೆಸರಾದ ಗದುಗಿನಲ್ಲಿ ಅದಕ್ಕೆ ಬರವಿಲ್ಲ.

ವಿದ್ಯುತ್ ದೋಷಗಳಿಗೆ ಮೊಬೈಲ್ ರಿಪೇರಿಯವರು ಆಗುತ್ತಾರೆ, ಆದರೆ ಇಂಥದ್ದೇ ಜಾಗ ಎಂದು ನೀವು ತೋರಿಸಬೇಕು. ಮಿನೋಲ್ಟಾ ಎಕ್ಸ್-700 ಹೊಸ ಸೆಲ್ಲಿದ್ದರೂ ಸ್ತಬ್ಧವಾಗಿ ನಿಂತರೆ, ತಳದ ತಟ್ಟೆಯ ಕೆಳಗಿನ ಕೆಪಾಸಿಟರ್ ಸತ್ತಿರುವುದು ಆ ಮಾದರಿಯ ಪ್ರಸಿದ್ಧ ರೋಗ. ಅದೇ ಮೌಲ್ಯದ ಹೊಸದನ್ನು ಬೆಸೆಯುವುದು ಅವರಿಗೆ ಹತ್ತು ನಿಮಿಷದ ಕೆಲಸ. ಎಇ-1 ಒತ್ತಿದಾಗ ಕೆಮ್ಮಿದಂತೆ ಕೀರಲು ಸದ್ದು ಮಾಡಿದರೆ ಅದು ವಿದ್ಯುತ್ತಿನದಲ್ಲ, ಕನ್ನಡಿ ಎತ್ತುವ ಗಿಯರಿನ ಎಣ್ಣೆ ಒಣಗಿದ್ದು. ಮತ್ತೆ ಗಡಿಯಾರದವರತ್ತಲೇ ನಡೆಯಬೇಕು.

ಬಿಡಿಭಾಗ ಎಂದರೆ ಇನ್ನೊಂದು ಕ್ಯಾಮೆರಾ

ಈ ಕಂಪನಿಗಳು ಇಂಥ ಹಳೆಯ ಮಾದರಿಗಳ ಬಿಡಿಭಾಗ ಮಾಡುವುದನ್ನು ನಿಲ್ಲಿಸಿ ದಶಕಗಳಾಗಿವೆ. ಹೀಗಾಗಿ ಬಿಡಿಭಾಗ ಬೇಕೆಂದರೆ ಅದೇ ಮಾದರಿಯ ಸತ್ತ ಇನ್ನೊಂದು ಕ್ಯಾಮೆರಾ ಬೇಕು. ಅದಕ್ಕೆ ಉತ್ತಮ ಜಾಗ ಅಂತರ್ಜಾಲವಲ್ಲ, ಹಳೆಯ ಸ್ಟುಡಿಯೊಗಳು. ಹಾನಗಲ್ಲು, ಲಕ್ಷ್ಮೇಶ್ವರ, ಬ್ಯಾಡಗಿ, ನವಲಗುಂದದಂಥ ಊರುಗಳಲ್ಲಿ ಎರಡು ತಲೆಮಾರು ಮದುವೆ ಫೋಟೊ ತೆಗೆದ ಸ್ಟುಡಿಯೊ ಇದ್ದರೆ, ಅದರ ಮೇಲಿನ ಫಳಿಯ ಮೇಲೆ ಕೆಟ್ಟು ಕೂತ ಎರಡೋ ಮೂರೋ ಕ್ಯಾಮೆರಾ ಇದ್ದೇ ಇರುತ್ತವೆ ಎಂಬುದು ನನ್ನ ಅನುಭವ. ಮದುವೆ ಸೀಜನ್ನಿನಲ್ಲಿ ಹೋಗಬೇಡಿ, ಮಾತನಾಡಲು ಅವರಿಗೆ ಪುರುಸೊತ್ತು ಇರುವುದಿಲ್ಲ. ಆಷಾಢದಲ್ಲಿ ಹೋಗಿ. ಹೋದಕೂಡಲೇ ‘ಎಷ್ಟಕ್ಕೆ ಕೊಡುತ್ತೀರಿ’ ಎನ್ನದೆ, ನಿಮ್ಮ ಕ್ಯಾಮೆರಾ ತೋರಿಸಿ ಅದರ ರೋಗ ಹೇಳಿದರೆ ಅವರೇ ಎದ್ದು ತಮ್ಮದನ್ನು ಇಳಿಸುತ್ತಾರೆ. ಎಷ್ಟೋ ಸಲ ಆಗ ಸಿಗುವ ಮಾಹಿತಿ ಕ್ಯಾಮೆರಾಕ್ಕಿಂತ ಬೆಲೆಬಾಳುವಂಥದ್ದು: ಯಾವ ಊರಿನಲ್ಲಿ ಯಾರು ಹಿಂದೆ ರಿಪೇರಿ ಮಾಡುತ್ತಿದ್ದರು, ಈಗಲೂ ಮನೆಯಲ್ಲಿ ಕೂತು ಮಾಡುತ್ತಾರೆಯೇ ಎಂಬುದನ್ನು ಇವರ ಹೊರತು ಬೇರೆಯವರು ಹೇಳಲಾರರು.

ಹುಡುಕುವಾಗ ಕ್ಯಾಮೆರಾಗಳ ಬಳಗವೂ ತಿಳಿದಿರಲಿ. ಯಾಶಿಕಾ ಎಫ್‌ಎಕ್ಸ್-3, ನಿಕಾನ್ ಎಫ್‌ಎಂ10, ಒಲಿಂಪಸ್ ಓಎಂ-2000, ಕ್ಯಾನನ್ ಟಿ60 ಇವು ನಾಲ್ಕು ಕಂಪನಿಗಳ ಹೆಸರು ಹೊತ್ತಿದ್ದರೂ ಎಲ್ಲವನ್ನೂ ತಯಾರಿಸಿದ್ದು ಕೊಸಿನಾ ಎಂಬ ಒಂದೇ ಜಪಾನಿ ಕಾರ್ಖಾನೆ, ಒಂದೇ ಮೂಲ ವಿನ್ಯಾಸದ ಮೇಲೆ. ಲೆನ್ಸ್ ಕೂರುವ ಬಾಯಿ ಬೇರೆ, ಮೇಲಿನ ಟೋಪಿ ಬೇರೆ. ಒಳಗಿನ ಅಸ್ಥಿಪಂಜರದಲ್ಲಿ ಅಣ್ಣತಮ್ಮಂದಿರ ಹೋಲಿಕೆ. ನಿಮ್ಮ ಮಾದರಿಯದೇ ಸಿಗದಿದ್ದಾಗ ಇಂಥ ದಾಯಾದಿಯೊಂದು ಕೈಹಿಡಿಯಬಹುದು. ಲೆನ್ಸಿನ ವಿಷಯದಲ್ಲಿ ಮಾತ್ರ ಬಾಯಿ ಹೊಂದಲೇಬೇಕು. ಜೆನಿಟ್‌ನದು 42 ಮಿಲಿಮೀಟರಿನ ತಿರುಪು, ಕೆ1000ದ್ದು ಪೆಂಟ್ಯಾಕ್ಸ್ ಕೆ, ಎಫ್‌ಎಕ್ಸ್-3ರದು ಕಾಂಟ್ಯಾಕ್ಸ್-ಯಾಶಿಕಾ.

ಹೊರಗಿನಿಂದ ತರಿಸುವುದಾದರೆ ಮುಂಬಯಿಯ ಬೋರಾ ಬಜಾರ್ ಹಳೆಯ ಕ್ಯಾಮೆರಾ ಪೇಟೆ, ಬೆಂಗಳೂರಿನ ಸಂಡೇ ಬಜಾರಿನಲ್ಲಿ ಅದೃಷ್ಟದ ಆಟ. ಜಪಾನಿನ ಮಾರಾಟಗಾರರು ‘ಜಂಕ್’ ಎಂದು ಬರೆದ ಕ್ಯಾಮೆರಾ ಬಿಡಿಭಾಗಕ್ಕೆ ಚೆನ್ನಾಗಿರಬಹುದು, ಆದರೆ ಅಂಚೆ ವೆಚ್ಚ ಮತ್ತು ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿದ ಮೇಲೇ ಒತ್ತಿರಿ.

ದೂರದ ಊರಿಗೆ ಕಳಿಸುವಾಗ

ಫಂಗಸ್ ಹಿಡಿದ ಲೆನ್ಸ್ ಬಿಚ್ಚುವುದು, ಪರದೆ ಬದಲಿಸುವುದು, ಹೆಚ್ಚಿನ ವೇಗಗಳನ್ನು ಹೊಂದಿಸುವುದು ಇವು ನಮ್ಮಲ್ಲಿ ಹಂಚಿಕೊಂಡು ಮಾಡುವ ಕೆಲಸಗಳಲ್ಲ. ಬೆಂಗಳೂರು ಅಥವಾ ಮುಂಬಯಿಯ ಅನುಭವಿ ಕ್ಯಾಮೆರಾ ಮೆಕ್ಯಾನಿಕರಿಗೇ ಕೊಡಬೇಕು. ನಾನು ಮೊದಲ ಸಲ ಇದನ್ನು ಮಾಡಿದಾಗ ಬರೀ ಫೋನಿನಲ್ಲಿ ಮಾತಾಡಿ, ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಸುತ್ತಿ ಕಳಿಸಿಬಿಟ್ಟೆ. ನಾಲ್ಕು ತಿಂಗಳ ನಂತರ ಮರಳಿ ಬಂದಾಗ ಷಟರ್ ಸರಿಯಾಗಿತ್ತು, ಆದರೆ ತಳದ ಒಂದು ಸ್ಕ್ರೂ ಇರಲಿಲ್ಲ, ಮತ್ತು ಲೆನ್ಸ್ ನನ್ನದಲ್ಲ ಎಂಬ ಅನುಮಾನ ಬಲವಾಗಿತ್ತು. ಸೀರಿಯಲ್ ನಂಬರ್ ಬರೆದುಕೊಂಡಿರದ ಕಾರಣ ಅನುಮಾನ ಅನುಮಾನವಾಗಿಯೇ ಉಳಿಯಿತು.

ಆದ್ದರಿಂದ ಕಳಿಸುವ ಮುನ್ನ ಎಲ್ಲ ಬದಿಯಿಂದ ಫೋಟೊ ತೆಗೆಯಿರಿ, ನಂಬರುಗಳೂ ಅದರಲ್ಲಿ ಓದುವಂತಿರಲಿ. ಸೆಲ್ ತೆಗೆಯಿರಿ. ದೋಷ ಲೆನ್ಸಿನಲ್ಲಿ ಇಲ್ಲದಿದ್ದರೆ ಲೆನ್ಸನ್ನು ಮನೆಯಲ್ಲೇ ಇಟ್ಟುಕೊಂಡು ಬಾಯಿಗೆ ಮುಚ್ಚಳ ಹಾಕಿ ಕಳಿಸಿ. ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ, ನಡುವೆ ಮೂರು ಬೆರಳು ದಪ್ಪ ಮೆತ್ತೆ ಇರುವಂತೆ ಕಟ್ಟಿ. ಒಳಗೆ ಒಂದು ಕಾಗದದಲ್ಲಿ ನೀವು ಎಣಿಸಿದ ಚೌಕಟ್ಟುಗಳ ಲೆಕ್ಕವನ್ನೂ, ಹಿಂದೆ ಯಾರು ಏನು ಮಾಡಿದ್ದಾರೆ ಎಂಬುದನ್ನೂ, ಇಷ್ಟು ಮೊತ್ತ ಮೀರಿದರೆ ಕೇಳದೆ ಕೈಹಾಕಬೇಡಿ ಎಂಬುದನ್ನೂ ಬರೆಯಿರಿ. ಬದಲಿಸಿದ ಹಳೆಯ ಭಾಗಗಳನ್ನು ವಾಪಸು ಕಳಿಸುವಂತೆ ಕೇಳಿ. ವರ್ಷಕ್ಕೆರಡು ಸಲ ಬೆಂಗಳೂರಿಗೆ ಹೋಗುವವರಾದರೆ ಕೊರಿಯರಿನ ಗೊಡವೆಗಿಂತ ರೈಲಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಒಯ್ದು, ಎದುರು ಕೂತು ಮಾತನಾಡಿ ಬರುವುದು ನೂರು ಪಾಲು ಮೇಲು.

ಪರೀಕ್ಷಾ ರೀಲು, ಆಮೇಲೆ ಮಳೆಗಾಲ

ರಿಪೇರಿಯಾಗಿ ಬಂದ ಕ್ಯಾಮೆರಾದಲ್ಲಿ ನೇರವಾಗಿ ಮದುವೆಯೋ ಜಾತ್ರೆಯೋ ತೆಗೆಯಬೇಡಿ. ಒಂದು ರೀಲನ್ನು ಪರೀಕ್ಷೆಗೆಂದೇ ಕಳೆಯಬೇಕು. ಮೋಡವಿಲ್ಲದ ಬೆಳಗಿನಲ್ಲಿ ಒಂದೇ ಬಣ್ಣದ ದೊಡ್ಡ ಗೋಡೆ ಬೇಕು. ನಾನು ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಕಲ್ಲಿನ ಗೋಡೆಯನ್ನು ಬಳಸುತ್ತೇನೆ. 100 ಐಎಸ್‌ಒ ಫಿಲ್ಮಿನಲ್ಲಿ ಅದೇ ಗೋಡೆಯನ್ನು 1/500ಕ್ಕೆ ಎಫ್/8, 1/250ಕ್ಕೆ ಎಫ್/11, 1/125ಕ್ಕೆ ಎಫ್/16 ಹೀಗೆ ತೆಗೆದರೆ ಫಿಲ್ಮಿಗೆ ಬೀಳುವ ಬೆಳಕು ಪ್ರತಿ ಸಲ ಒಂದೇ. 1/60 ಮತ್ತು 1/30ನ್ನು ಗೋಡೆ ನೆರಳಿಗೆ ಬಂದ ಮೇಲೆ ಇದೇ ರೀತಿ ಜೋಡಿಸಿ. ಪ್ರತಿ ಚಿತ್ರದ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ತೊಳೆದು ಬಂದ ನೆಗೆಟಿವನ್ನು ಕಿಟಕಿಗೆ ಹಿಡಿದರೆ, ಒಂದು ಗುಂಪಿನ ಚೌಕಟ್ಟುಗಳೆಲ್ಲ ಒಂದೇ ಸಮನೆ ಕಪ್ಪಾಗಿರಬೇಕು. 1/500ರದ್ದು ಮಾತ್ರ ಉಳಿದವುಗಳಿಗಿಂತ ದಟ್ಟವಾಗಿದ್ದರೆ ಆ ವೇಗ ನಿಧಾನವಾಗಿದೆ. ಚೌಕಟ್ಟಿನ ಒಂದು ಬದಿ ಬೆಳಕೇ ಕಾಣದೆ ತಿಳಿಯಾಗಿದ್ದರೆ ಎರಡು ಪರದೆಗಳ ಓಟ ಹೊಂದುತ್ತಿಲ್ಲ. ಬಣ್ಣದ ಪ್ರಿಂಟಿನಲ್ಲಿ ಅಂಚಿನಿಂದ ಕಿತ್ತಳೆ ಬಣ್ಣದ ಗೆರೆ ಹಾಯ್ದಿದ್ದರೆ ವೆಲ್ವೆಟ್ ಎಲ್ಲೋ ಬಿಟ್ಟುಕೊಂಡಿದೆ. ಚಿತ್ರಗಳು ಒಂದರ ಮೇಲೊಂದು ಏರಿದ್ದರೆ ರೀಲು ಎಳೆಯುವ ಗಿಯರಿನ ದೋಷ. ದೋಷ ಕಂಡರೆ ಆ ನೆಗೆಟಿವ್ ಪಟ್ಟಿಯನ್ನೇ ರಿಪೇರಿ ಮಾಡಿದವರ ಬಳಿ ಒಯ್ಯಿರಿ. ಬಾಯಿಮಾತಿನಲ್ಲಿ ಅರ್ಧ ಗಂಟೆ ವಿವರಿಸಿದ್ದಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಸರಿಯಾದ ಕ್ಯಾಮೆರಾವನ್ನು ಮತ್ತೆ ಚರ್ಮದ ಕೇಸಿನಲ್ಲಿ ಹಾಕಿ ಕಪಾಟಿನಲ್ಲಿಡಬೇಡಿ, ಧಾರವಾಡದ ಮಳೆಗಾಲಕ್ಕೆ ಚರ್ಮವೇ ಫಂಗಸ್ಸಿನ ತವರು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಒಳಗೆ ಒಂದು ಸಣ್ಣ ತೇವಮಾಪಕ ಹಾಕಿ, ತೇವ ಶೇ. 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ನುಸಿಗುಳಿಗೆ ಬೇಡ, ಅದರ ಆವಿ ಗಾಜಿನ ಮೇಲೆ ಕೂರಬಹುದು. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವ ಮನೆಮದ್ದು ತೇವಕ್ಕಿಂತ ಹೆಚ್ಚಾಗಿ ಹಿಟ್ಟಿನ ಧೂಳನ್ನು ಲೆನ್ಸಿನೊಳಗೆ ಕಳಿಸುತ್ತದೆ. ಸೆಲ್ ತೆಗೆದಿಡಿ. ಕೆ1000ಕ್ಕೆ ಮೀಟರ್ ಆರಿಸುವ ಗುಂಡಿಯೇ ಇಲ್ಲದಿರುವುದರಿಂದ ಬಳಕೆಯಲ್ಲಿರುವಾಗಲೂ ಲೆನ್ಸಿಗೆ ಮುಚ್ಚಳ ಹಾಕುವ ರೂಢಿ ಇರಲಿ. ಅಮಾವಾಸ್ಯೆಗೊಮ್ಮೆ ಡಬ್ಬಿ ತೆರೆದು, ರೀಲಿಲ್ಲದೆ, ಎಲ್ಲ ವೇಗಗಳಲ್ಲೂ ಎರಡೆರಡು ಸಲ ಷಟರ್ ಒತ್ತಿ, ಸ್ಪ್ರಿಂಗಿನ ಮೇಲೆ ಒತ್ತಡ ಉಳಿಯದಂತೆ ಷಟರ್ ಇಳಿಸಿಯೇ ಮುಚ್ಚಿಡಿ.